ಡಿಸ್ಕಿನಲ್ಲಿ ಜಾಗ ಇದ್ದರೂ "ಟೇಬಲ್ ಈಸ್ ಫುಲ್": ಮಿತಿ ಡೇಟಾಬೇಸಿನದೋ, ಆಪರೇಟಿಂಗ್ ಸಿಸ್ಟಮ್ಮಿನದೋ?

ಸಾಲುಕಂಬ

ಮೈಎಸ್‌ಕ್ಯುಎಲ್ 8.0 ಡೇಟಾಬೇಸ್, ಅದರ ಶೇಖರಣಾ ಎಂಜಿನ್ ಇನ್ನೋಡಿಬಿ, ಪುಟದ ಗಾತ್ರ ಡಿಫಾಲ್ಟ್ 16 ಕೆಬಿ. ಲಿನಕ್ಸ್ ಸರ್ವರ್, ಡೇಟಾ ವಾಲ್ಯೂಮಿನ ಫೈಲ್‌ಸಿಸ್ಟಮ್ ಇಎಕ್ಸ್‌ಟಿ4. ಈವೆಂಟುಗಳನ್ನು ದಾಖಲಿಸುವ ಒಂದೇ ಟೇಬಲ್ 2 ಟಿಬಿ ಹತ್ತಿರ ಬಂದು ನಿಂತಿದೆ. ಈಗ ಇನ್ಸರ್ಟ್ ಮಾಡಿದರೆ ಎರರ್ 1114, "ದ ಟೇಬಲ್ ಈಸ್ ಫುಲ್". ಡಿಸ್ಕಿನ ಜಾಗ ಅಳೆಯುವ ಡಿಎಫ್ ಕಮ್ಯಾಂಡ್ ಕೊಟ್ಟರೆ ಅದೇ ವಾಲ್ಯೂಮಿನಲ್ಲಿ 300 ಜಿಬಿಗೂ ಹೆಚ್ಚು ಖಾಲಿ ತೋರಿಸುತ್ತದೆ. ಉಳಿದ ಟೇಬಲ್‌ಗಳಿಗೆ ಬರೆಯುವುದರಲ್ಲಿ ತೊಂದರೆ ಇಲ್ಲ. ಇನ್ನೋಡಿಬಿ ಮಿತಿ 64 ಟಿಬಿ ಎಂದು ಕೈಪಿಡಿಯಲ್ಲಿದೆ. ಇಎಕ್ಸ್‌ಟಿ4 ಕಡತದ ಮಿತಿ 16 ಟಿಬಿ. ಎರಡಕ್ಕೂ ನಾವು ತುಂಬ ದೂರ ಇದ್ದೇವೆ. ಹಾಗಿದ್ದರೆ ತಡೆಯುತ್ತಿರುವುದು ಯಾವುದು?

ಲಾಗ್_ಓದುಗ

1114 ಎಂಬ ಸಂಖ್ಯೆಯನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. "ಟೇಬಲ್ ಹಿಗ್ಗಿಸಲು ಆಗಲಿಲ್ಲ" ಎಂಬ ಎಲ್ಲ ಪರಿಸ್ಥಿತಿಗೂ ಮೈಎಸ್‌ಕ್ಯುಎಲ್ ಇದೇ ಸಂದೇಶ ಕೊಡುತ್ತದೆ. ಡಿಸ್ಕ್ ತುಂಬಿದರೂ 1114, ಕಡತದ ಮಿತಿ ಮುಟ್ಟಿದರೂ 1114, ಮೆಮೊರಿ ಎಂಜಿನ್ನಿನ ಟೇಬಲ್ ಮ್ಯಾಕ್ಸ್_ಹೀಪ್_ಟೇಬಲ್_ಸೈಜ್ ದಾಟಿದರೂ 1114. ಆ ಕೊನೆಯದರ ಡಿಫಾಲ್ಟ್ ಬರೀ 16 ಎಂಬಿ.

ನಿಜವಾದ ಕಾರಣ ಸರ್ವರಿನ ಎರರ್ ಲಾಗಿನಲ್ಲಿ ಇರುತ್ತದೆ. ಇನ್ಸರ್ಟ್ ವಿಫಲವಾದ ಅದೇ ಕ್ಷಣದ ಆಸುಪಾಸಿನಲ್ಲಿ "ಆಪರೇಟಿಂಗ್ ಸಿಸ್ಟಮ್ ಎರರ್ ನಂಬರ್" ಎಂದು ಶುರುವಾಗುವ ಸಾಲು ಹುಡುಕಿ. ಅಲ್ಲಿರುವ ಸಂಖ್ಯೆ ಆಪರೇಟಿಂಗ್ ಸಿಸ್ಟಮ್ಮೇ ಕೊಟ್ಟಿದ್ದು. ಲಿನಕ್ಸಿನಲ್ಲಿ:

28 ಎಂದರೆ ಸಾಧನದಲ್ಲಿ ಜಾಗ ಇಲ್ಲ. 27 ಎಂದರೆ ಕಡತ ತೀರಾ ದೊಡ್ಡದಾಯಿತು. 122 ಎಂದರೆ ಕೋಟಾ ಮುಗಿಯಿತು.

ಮೂರಕ್ಕೂ ಪರಿಹಾರ ಬೇರೆ ಬೇರೆ. ಬೇರೆ ಯಾವುದಾದರೂ ಸಂಖ್ಯೆ ಬಂದಿದ್ದರೆ ಪಿಎರರ್ ಎಂಬ ಉಪಕರಣಕ್ಕೆ ಅದನ್ನು ಕೊಡಿ, ಅರ್ಥ ಹೇಳುತ್ತದೆ. ಮೈಎಸ್‌ಕ್ಯುಎಲ್ ಜೊತೆಗೇ ಬರುತ್ತದೆ.

ಜೊತೆಗೆ ಇನೋಡ್ (ಪ್ರತಿ ಕಡತದ ವಿವರ ಇರುವ ದಾಖಲೆ) ಲೆಕ್ಕವನ್ನೂ ನೋಡಿ, ಅಂದರೆ ಡಿಎಫ್ ಜೊತೆ -ಐ. ಇನೋಡ್ ಮುಗಿದರೂ 28 ಬರುತ್ತದೆ. ಆದರೆ ಈಗಾಗಲೇ ಇರುವ ಒಂದು ಕಡತವನ್ನು ಹಿಗ್ಗಿಸಲು ಹೊಸ ಇನೋಡ್ ಬೇಕಿಲ್ಲ, ಹಾಗಾಗಿ ನಿಮ್ಮ ವಿಷಯದಲ್ಲಿ ಅದು ಆಗಿರಲಾರದು.

ಆನೆಪಡೆ

ಮಿತಿಗಳ ಲೆಕ್ಕ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಎಲ್ಲ ಕಡೆಯೂ ಒಂದೇ ಗುಣಾಕಾರ: ವಿಳಾಸಕ್ಕೆ ಎಷ್ಟು ಬಿಟ್ ಇಟ್ಟಿದ್ದಾರೆ, ಒಂದು ತುಂಡು ಎಷ್ಟು ದೊಡ್ಡದು.

ಇನ್ನೋಡಿಬಿಯಲ್ಲಿ ಪುಟದ ಸಂಖ್ಯೆ 32 ಬಿಟ್. ಪುಟ 16 ಕೆಬಿ ಆದರೆ ಟೇಬಲ್‌ಸ್ಪೇಸ್ (ಟೇಬಲ್ಲಿನ ಡೇಟಾ ಇಡುವ ಜಾಗ) 64 ಟಿಬಿ, 4 ಕೆಬಿ ಆದರೆ 16 ಟಿಬಿ, 64 ಕೆಬಿ ಆದರೆ 256 ಟಿಬಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲೂ ಬ್ಲಾಕ್ ಸಂಖ್ಯೆ 32 ಬಿಟ್, ಬ್ಲಾಕ್ 8 ಕೆಬಿ, ಹಾಗಾಗಿ ಒಂದು ಟೇಬಲ್ 32 ಟಿಬಿ. ಇಎಕ್ಸ್‌ಟಿ4 ಕಡತದೊಳಗಿನ ಬ್ಲಾಕ್ ಸಂಖ್ಯೆಯೂ 32 ಬಿಟ್, ಬ್ಲಾಕ್ 4 ಕೆಬಿ, ಆದ್ದರಿಂದ 16 ಟಿಬಿ. ವಿಂಡೋಸಿನ ಎನ್‌ಟಿಎಫ್‌ಎಸ್ 4 ಕೆಬಿ ಕ್ಲಸ್ಟರಿಗೆ 16 ಟಿಬಿ ಎನ್ನುವುದೂ ಇದೇ ಲೆಕ್ಕ. ಫ್ಯಾಟ್32ರಲ್ಲಿ ಮಾತ್ರ ಕಡತದ ಉದ್ದವನ್ನೇ 32 ಬಿಟ್ಟಿನಲ್ಲಿ ಬೈಟುಗಳಾಗಿ ಬರೆದಿಟ್ಟಿರುತ್ತಾರೆ. ಅದಕ್ಕೇ ಅಲ್ಲಿ 4 ಜಿಬಿಗೆ ಒಂದು ಬೈಟ್ ಕಡಿಮೆ.

ಇಲ್ಲಿ ಟಿಬಿ, ಜಿಬಿ ಎಂದದ್ದೆಲ್ಲ 1024ರ ಲೆಕ್ಕ. ಡಿಸ್ಕ್ ಮಾರುವವರ 1000ದ ಲೆಕ್ಕ ಇದರ ಜೊತೆ ಬೆರೆಸಿದರೆ 2 ಟಿಬಿಯಲ್ಲೇ ಸುಮಾರು 10 ಪ್ರತಿಶತ ವ್ಯತ್ಯಾಸ ಬರುತ್ತದೆ.

ಈ ಮಿತಿಗಳಲ್ಲಿ ಯಾವುದು ಕಡಿಮೆಯೋ ಅದು ಮೊದಲು ತಾಗುತ್ತದೆ. ನಿಮ್ಮದು ಸರಿಯಾಗಿ 2 ಟಿಬಿಯ ಹತ್ತಿರ ನಿಂತಿರುವುದರಿಂದ ನನಗೆ ಫೈಲ್‌ಸಿಸ್ಟಮ್ ಮೇಲೆಯೇ ಅನುಮಾನ. ಸರ್ವರುಗಳು ಎರಡರ ಘಾತದ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದಿಲ್ಲ.

ಸಾಲುಕಂಬ

@ಲಾಗ್_ಓದುಗ ಅವರೇ, ಲಾಗ್ ನೋಡಿದೆ. ಸಂಖ್ಯೆ 27. "ಫೈಲ್ ಟೂ ಲಾರ್ಜ್". ಮೌಂಟ್ ಕಮ್ಯಾಂಡ್ ಇದನ್ನು ಇಎಕ್ಸ್‌ಟಿ4 ಎಂದೇ ತೋರಿಸುತ್ತಿದೆ, ಬ್ಲಾಕ್ 4096. ಟೇಬಲ್ಲಿನ ಡೇಟಾ ಇರುವ ಐಬಿಡಿ ಕಡತ 2 ಟಿಬಿಗಿಂತ ಸುಮಾರು 2 ಜಿಬಿ ಕಡಿಮೆ ಇದೆ. ಸರಿಯಾಗಿ 2 ಟಿಬಿಯಲ್ಲಿ ಅಲ್ಲ, ಅದಕ್ಕೂ ಸ್ವಲ್ಪ ಮೊದಲೇ ನಿಂತಿದೆ.

ಬ್ಲಾಕ್_4096

ಆ 2 ಜಿಬಿ ಕೊರತೆಯೇ ಉತ್ತರ ಹೇಳುತ್ತಿದೆ. ವಿವರಿಸುತ್ತೇನೆ.

ಇಎಕ್ಸ್‌ಟಿ4 ಎಂದು ಮೌಂಟ್ ಆಗಿರುವುದೆಲ್ಲ ಇಎಕ್ಸ್‌ಟಿ4 ಆಗಿಯೇ ಹುಟ್ಟಿರುತ್ತದೆ ಎಂದೇನಿಲ್ಲ. ಇಎಕ್ಸ್‌ಟಿ3 ಆಗಿ ಫಾರ್ಮ್ಯಾಟ್ ಮಾಡಿದ ವಾಲ್ಯೂಮನ್ನು ಇಎಕ್ಸ್‌ಟಿ4 ಡ್ರೈವರ್ ಯಾವ ತಕರಾರೂ ಇಲ್ಲದೆ ಮೌಂಟ್ ಮಾಡುತ್ತದೆ. ಆದರೆ ಹೊಸ ಸೌಲಭ್ಯಗಳು ತಾವಾಗಿಯೇ ಆನ್ ಆಗುವುದಿಲ್ಲ. ಅವು ಫೈಲ್‌ಸಿಸ್ಟಮ್ಮಿನ ಮುಖ್ಯ ದಾಖಲೆಯಾದ ಸೂಪರ್‌ಬ್ಲಾಕಿನಲ್ಲಿ ಒಂದೊಂದು ಗುರುತಾಗಿ ಇರುತ್ತವೆ. ರೂಟ್ ಆಗಿ ಇದನ್ನು ಕೊಟ್ಟು ನೋಡಿ:

ಡಂಪ್‌ಇ2ಎಫ್‌ಎಸ್ -ಎಚ್, ಅದರ ಮುಂದೆ ನಿಮ್ಮ ಡಿವೈಸ್ ಹೆಸರು.

ಬಂದ ಉತ್ತರದಲ್ಲಿ "ಫೈಲ್‌ಸಿಸ್ಟಮ್ ಫೀಚರ್ಸ್" ಸಾಲು ಓದಿ. ಎರಡು ಹೆಸರು ಹುಡುಕಬೇಕು: ಹ್ಯೂಜ್_ಫೈಲ್ ಮತ್ತು ಎಕ್ಸ್‌ಟೆಂಟ್ (ಅಕ್ಕಪಕ್ಕದ ಬ್ಲಾಕುಗಳನ್ನು ಒಂದೇ ಗುಂಪಾಗಿ ಬರೆದಿಡುವ ಕ್ರಮ). ನನ್ನ ಊಹೆ, ಎರಡೂ ಇರುವುದಿಲ್ಲ.

ಹ್ಯೂಜ್_ಫೈಲ್ ಇಲ್ಲದಿದ್ದರೆ ಇನೋಡ್ ತನ್ನ ಕಡತ ತಿಂದಿರುವ ಜಾಗವನ್ನು 512 ಬೈಟಿನ ಸೆಕ್ಟರುಗಳಲ್ಲಿ, 32 ಬಿಟ್ಟಿನಲ್ಲಿ ಎಣಿಸುತ್ತದೆ. ಗುಣಿಸಿದರೆ 2 ಟಿಬಿ. ಇಎಕ್ಸ್‌ಟಿ3ರ ಪ್ರಸಿದ್ಧ 2 ಟಿಬಿ ಮಿತಿ ಇದೇ. ಇನ್ನು ಆ 2 ಜಿಬಿ: ಎಕ್ಸ್‌ಟೆಂಟ್ ಇಲ್ಲದ ಕಡತ ತನ್ನ ಬ್ಲಾಕುಗಳ ವಿಳಾಸಗಳನ್ನು ಬೇರೆ ಬ್ಲಾಕುಗಳಲ್ಲಿ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. 4 ಕೆಬಿ ಬ್ಲಾಕಿನಲ್ಲಿ 1024 ವಿಳಾಸ ಹಿಡಿಯುತ್ತವೆ. 2 ಟಿಬಿ ಎಂದರೆ 536870912 ಬ್ಲಾಕ್, ಅವುಗಳ ವಿಳಾಸಕ್ಕೇ 524288 ಬ್ಲಾಕ್ ಬೇಕು, ಅಂದರೆ 2 ಜಿಬಿ. ಸೆಕ್ಟರ್ ಎಣಿಕೆಯಲ್ಲಿ ಈ ಪಟ್ಟಿಯ ಬ್ಲಾಕುಗಳೂ ಸೇರುತ್ತವೆ. ಆದ್ದರಿಂದ ನಿಮ್ಮ ಡೇಟಾಗೆ ಸಿಗುವುದು ಅಷ್ಟು ಕಡಿಮೆ.

ಇದನ್ನು ಡೇಟಾಬೇಸ್ ಮುಟ್ಟದೆಯೇ ಖಚಿತ ಮಾಡಿಕೊಳ್ಳಬಹುದು. ಅದೇ ವಾಲ್ಯೂಮಿನಲ್ಲಿ ಟ್ರಂಕೇಟ್ -ಎಸ್ 3ಟಿ ಎಂದು ಕೊಟ್ಟು ಒಂದು ಪರೀಕ್ಷೆಯ ಕಡತ ಸೃಷ್ಟಿಸಿ. ಇದು ಟೊಳ್ಳು ಕಡತ, ಉದ್ದ ಮಾತ್ರ ಬರೆದುಕೊಳ್ಳುತ್ತದೆ, ಜಾಗ ತಿನ್ನುವುದಿಲ್ಲ. ಮಿತಿ ಇದ್ದರೆ ಅಲ್ಲೇ "ಫೈಲ್ ಟೂ ಲಾರ್ಜ್" ಬರುತ್ತದೆ. ಕಡತ ಸೃಷ್ಟಿಯಾದರೆ ಫೈಲ್‌ಸಿಸ್ಟಮ್ ಬಹುಪಾಲು ನಿರಪರಾಧಿ. ಪರೀಕ್ಷೆ ಮುಗಿದ ಮೇಲೆ ಅಳಿಸುವುದನ್ನು ಮರೆಯಬೇಡಿ. ಟೊಳ್ಳು ಕಡತಗಳನ್ನು ಗುರುತಿಸದ ಬ್ಯಾಕಪ್ ಸ್ಕ್ರಿಪ್ಟ್ ಏನಾದರೂ ಇದ್ದರೆ ಆ 3 ಟಿಬಿ ಸೊನ್ನೆಗಳನ್ನೂ ಓದುತ್ತ ಕೂರುತ್ತದೆ.

ಶೆಲ್‌ವಾಸಿ

27 ಬಂತೆಂದು ನೇರ ಫೈಲ್‌ಸಿಸ್ಟಮ್ಮಿಗೆ ಹೋಗುವ ಮೊದಲು ಪ್ರೋಸೆಸ್‌ನ ಮಿತಿಯನ್ನೂ ನೋಡಿಬಿಡಿ, ಅರ್ಧ ನಿಮಿಷದ ಕೆಲಸ. ಒಂದು ಪ್ರೋಸೆಸ್ ಬರೆಯಬಹುದಾದ ಕಡತದ ಗರಿಷ್ಠ ಗಾತ್ರ, ಅಂದರೆ ಯುಲಿಮಿಟ್ -ಎಫ್ ದಾಟಿದರೂ ಬರುವುದು ಅದೇ 27.

ಟರ್ಮಿನಲ್ಲಿನಲ್ಲಿ ಯುಲಿಮಿಟ್ ಕೊಟ್ಟು ನೋಡಿದರೆ ಪ್ರಯೋಜನವಿಲ್ಲ, ಅದು ನಿಮ್ಮ ಶೆಲ್ಲಿನ ಮಿತಿ. ಓಡುತ್ತಿರುವ ಮೈಎಸ್‌ಕ್ಯುಎಲ್‌ಡಿಯ ಪಿಐಡಿ (ಪ್ರೋಸೆಸ್ ಸಂಖ್ಯೆ) ಹಿಡಿದು, /ಪ್ರಾಕ್ ಒಳಗೆ ಆ ಸಂಖ್ಯೆಯ ಡೈರೆಕ್ಟರಿಯಲ್ಲಿರುವ ಲಿಮಿಟ್ಸ್ ಎಂಬ ಕಡತ ಓದಿ. "ಮ್ಯಾಕ್ಸ್ ಫೈಲ್ ಸೈಜ್" ಎದುರು ಅನ್‌ಲಿಮಿಟೆಡ್ ಎಂದಿರಬೇಕು. ಸಿಸ್ಟಮ್‌ಡಿ ಮೂಲಕ ಶುರುವಾಗುವ ಸೇವೆಗಳಿಗೆ ಲಿಮಿಟ್ಸ್.ಕಾನ್ಫ್ ಲಾಗುವಾಗುವುದಿಲ್ಲ. ಅದು ಲಾಗಿನ್ ಸೆಶನ್ನುಗಳಿಗೆ ಪ್ಯಾಮ್ (ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಹಾಕುವ ಮಿತಿ. ಸೇವೆಗೆ ಬೇಕಿದ್ದರೆ ಯೂನಿಟ್ ಫೈಲಿನಲ್ಲಿ ಲಿಮಿಟ್‌ಎಫ್‌ಸೈಜ್ ಬರೆಯಬೇಕು. ಆದರೆ ಯಾರಾದರೂ ಸೇವೆಯನ್ನು ನಿಲ್ಲಿಸಿ, ತಮ್ಮ ಶೆಲ್ಲಿನಿಂದ ಕೈಯಾರೆ ಶುರು ಮಾಡಿದ್ದರೆ ಶೆಲ್ಲಿನ ಮಿತಿಯೇ ಅಂಟಿಕೊಂಡಿರುತ್ತದೆ. ಮರುದಿನ ಸರಿಯಾಗಿ ಶುರು ಮಾಡಿದಾಗ ಮಾಯವಾಗಿ ಎಲ್ಲರನ್ನೂ ಗೊಂದಲಕ್ಕೆ ಕೆಡವುತ್ತದೆ.

ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ ಇರುವವರಿಗೆ ಒಂದು ಮಾತು: ಅಲ್ಲಿ ಬಳಕೆದಾರರ ಡಿಫಾಲ್ಟ್ ಎಫ್‌ಸೈಜ್ 2097151, ಅದೂ 512 ಬೈಟಿನ ಬ್ಲಾಕುಗಳಲ್ಲಿ. ಹೆಚ್ಚುಕಡಿಮೆ 1 ಜಿಬಿ. ಡೇಟಾಬೇಸಿನ ಬಳಕೆದಾರನಿಗೆ ಅದನ್ನು -1 ಮಾಡದೆ ಬಿಟ್ಟರೆ ಟೇಬಲ್ ಹೊಸದಿರುವಾಗಲೇ ನಿಂತುಹೋಗುತ್ತದೆ.

ಮಿತಿ ದಾಟಿದಾಗ ಕರ್ನಲ್ ಎಸ್‌ಐಜಿಎಕ್ಸ್‌ಎಫ್‌ಎಸ್‌ಝಡ್ ಎಂಬ ಸಿಗ್ನಲ್ ಕಳಿಸುತ್ತದೆ. ಅದನ್ನು ಹಿಡಿಯದ ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ಪೋಸ್ಟ್‌ಗ್ರೆಸ್ ಅದನ್ನು ಬೇಕೆಂದೇ ಕಡೆಗಣಿಸಿ, ಡಿಸ್ಕ್ ತುಂಬಿದಾಗ ಹೇಗೋ ಹಾಗೆಯೇ ಎರರ್ ಕೊಟ್ಟು ಮುಂದುವರಿಯುತ್ತದೆ.

ಸಾಲುಕಂಬ

ಮ್ಯಾಕ್ಸ್ ಫೈಲ್ ಸೈಜ್ ಅನ್‌ಲಿಮಿಟೆಡ್. ಫೀಚರ್ಸ್ ಸಾಲಿನಲ್ಲಿ ಹ್ಯೂಜ್_ಫೈಲ್ ಇಲ್ಲ, ಎಕ್ಸ್‌ಟೆಂಟ್ ಇಲ್ಲ. 3 ಟಿಬಿ ಟ್ರಂಕೇಟ್ ಪರೀಕ್ಷೆ ಕೂಡ "ಫೈಲ್ ಟೂ ಲಾರ್ಜ್" ಎಂದಿತು. ಕಾರಣ ಸಿಕ್ಕಿತು. ಈಗ ಪ್ರಶ್ನೆ ಎರಡು. ಇನ್ಸರ್ಟ್ ಕೂಡಲೇ ಶುರುವಾಗಬೇಕು, ಅದಕ್ಕೇನು ದಾರಿ? ಶಾಶ್ವತ ಪರಿಹಾರ ಯಾವುದು? ಆಲ್ಟರ್ ಟೇಬಲ್ ಅಥವಾ ಆಪ್ಟಿಮೈಜ್ ಮಾಡಿದರೆ ಆಗುತ್ತದೆಯೇ?

ಲಾಗ್_ಓದುಗ

ಆಪ್ಟಿಮೈಜ್ ಮಾಡಲೇಬೇಡಿ. ಇನ್ನೋಡಿಬಿಯಲ್ಲಿ ಅದು ಟೇಬಲ್ಲನ್ನು ಪೂರ್ತಿ ಹೊಸದಾಗಿ ಕಟ್ಟುತ್ತದೆ, ಹಳೆಯ ಕಡತ ಇರುವಾಗಲೇ ಹೊಸದು ಪಕ್ಕದಲ್ಲಿ ಬೆಳೆಯುತ್ತದೆ. 300 ಜಿಬಿ ಮುಗಿದ ಕೂಡಲೇ ನಿಂತು ಹಿಂದಕ್ಕೆ ಹೋಗುತ್ತದೆ. ಆ ಹೊತ್ತಿಗೆ ಅದೇ ವಾಲ್ಯೂಮಿನಲ್ಲಿರುವ ಉಳಿದ ಟೇಬಲ್‌ಗಳೂ ಜಾಗವಿಲ್ಲದೆ ಒದ್ದಾಡಿರುತ್ತವೆ.

ಕೂಡಲೇ ಬೇಕೆಂದರೆ ಹಳೆಯ ಸಾಲುಗಳನ್ನು ಅಳಿಸಬಹುದು. ಐಬಿಡಿ ಕಡತ ಚಿಕ್ಕದಾಗುವುದಿಲ್ಲ, ಆದರೆ ಒಳಗೆ ಬಿಡುವಾದ ಪುಟಗಳನ್ನು ಹೊಸ ಸಾಲುಗಳು ಬಳಸಿಕೊಳ್ಳುತ್ತವೆ, ಕಡತ ಹಿಗ್ಗುವ ಅಗತ್ಯ ಬೀಳುವುದಿಲ್ಲ. ಇದರಲ್ಲಿ ಎಚ್ಚರ ಬೇಕಾದದ್ದು ಇಷ್ಟು:

ಪ್ರೈಮರಿ ಕೀ ಕ್ರಮದಲ್ಲಿ ಅಕ್ಕಪಕ್ಕದ ಸಾಲುಗಳನ್ನೇ ಅಳಿಸಿ. ಪುಟ ಪೂರ್ತಿ ಖಾಲಿಯಾದರೆ ಮಾತ್ರ ಅದು ಮುಕ್ತ ಪಟ್ಟಿಗೆ ವಾಪಸ್ ಹೋಗುತ್ತದೆ. ಯಾವುದೋ ಗ್ರಾಹಕರ ಸಾಲುಗಳನ್ನು ಅಲ್ಲೊಂದು ಇಲ್ಲೊಂದು ಅಳಿಸಿದರೆ ಪ್ರತಿ ಪುಟವೂ ಅರ್ಧಂಬರ್ಧ ಉಳಿಯುತ್ತದೆ. ಏರುತ್ತಲೇ ಹೋಗುವ ಆಟೋ ಇನ್‌ಕ್ರಿಮೆಂಟ್ ಕೀಗೆ ಅದರಿಂದ ಉಪಯೋಗವಿಲ್ಲ.

ಒಂದು ಸಲಕ್ಕೆ 10000 ಸಾಲಿನಂತೆ, ಪ್ರತಿ ಕಂತಿಗೂ ಕಮಿಟ್ ಮಾಡಿ. ಒಂದೇ ಏಟಿಗೆ ಕೋಟಿಗಟ್ಟಲೆ ಅಳಿಸಿದರೆ ಬದಲಾವಣೆ ಹಿಂತೆಗೆಯಲು ಇಟ್ಟ ಅನ್‌ಡೂ ಕಡತ ಊದಿಕೊಳ್ಳುತ್ತದೆ, ರೆಪ್ಲಿಕಾ (ನಕಲು ಸರ್ವರ್) ಹಿಂದೆ ಬೀಳುತ್ತದೆ.

ಅಳಿಸಿದ ಕೂಡಲೇ ಪುಟ ಬಿಡುವಾಗುವುದಿಲ್ಲ, ಪರ್ಜ್, ಅಂದರೆ ಹಿನ್ನೆಲೆಯಲ್ಲಿ ನಿಜವಾದ ತೆರವು ಆಗಬೇಕು. ಇನ್ನೋಡಿಬಿ ಸ್ಟೇಟಸ್‌ನಲ್ಲಿ ಹಿಸ್ಟರಿ ಲಿಸ್ಟ್ ಲೆಂಗ್ತ್ ಇಳಿಯುತ್ತಿದೆಯೇ ನೋಡಿ. ಎಲ್ಲೋ ಯಾರೋ ಟ್ರಾನ್ಸ್ಯಾಕ್ಷನ್ ತೆರೆದಿಟ್ಟು ಹೋಗಿದ್ದರೆ ಅದು ಇಳಿಯುವುದೇ ಇಲ್ಲ, ನೀವು ಎಷ್ಟು ಅಳಿಸಿದರೂ 1114 ತಪ್ಪುವುದಿಲ್ಲ.

ಆನೆಪಡೆ

ಅಳಿಸಬಹುದಾದ ಡೇಟಾ ಆಗಿದ್ದರೆ ಸರಿ. ಅಳಿಸಬಾರದ್ದಾದರೆ ಹೆಸರು ಬದಲಾಯಿಸುವ ದಾರಿ ಇದಕ್ಕಿಂತ ಚುರುಕು. ಅದೇ ರಚನೆಯ ಖಾಲಿ ಟೇಬಲ್ ಮಾಡಿ, ಆಟೋ ಇನ್‌ಕ್ರಿಮೆಂಟ್ ಆರಂಭವನ್ನು ಹಳೆಯ ಗರಿಷ್ಠ ಐಡಿಗಿಂತ ಧಾರಾಳವಾಗಿ ಮುಂದಿಡಿ. ಆಮೇಲೆ ಒಂದೇ ರೀನೇಮ್ ಟೇಬಲ್ ಹೇಳಿಕೆಯಲ್ಲಿ ಎರಡನ್ನೂ ಬದಲಿಸಿ: ಈವೆಂಟ್ಸ್ ಇದ್ದದ್ದು ಈವೆಂಟ್ಸ್_ಹಳೆ ಆಗಲಿ, ಈವೆಂಟ್ಸ್_ಹೊಸ ಇದ್ದದ್ದು ಈವೆಂಟ್ಸ್ ಆಗಲಿ. ಒಂದೇ ಹೇಳಿಕೆಯಾದ್ದರಿಂದ ನಡುವೆ ಟೇಬಲ್ ಇಲ್ಲದ ಕ್ಷಣ ಬರುವುದಿಲ್ಲ. ಹಳೆಯದನ್ನೂ ಓದಬೇಕಾದ ವರದಿಗಳಿಗೆ ಎರಡನ್ನೂ ಯೂನಿಯನ್ ಆಲ್ ಮಾಡಿದ ವ್ಯೂ ಸಾಕು. ಹಳೆಯ ಟೇಬಲ್ಲಿಗೆ ಬೇರೆ ಟೇಬಲ್‌ಗಳ ಫಾರಿನ್ ಕೀ (ಇದನ್ನು ಸೂಚಿಸುವ ಕೊಂಡಿ) ಇದ್ದರೆ ಅವು ಹೆಸರಿನ ಜೊತೆ ಹಳೆಯದಕ್ಕೇ ಅಂಟಿಕೊಂಡು ಹೋಗುತ್ತವೆ, ಅದನ್ನು ಮೊದಲೇ ನೋಡಿಕೊಳ್ಳಿ.

ಹೊಸ ಟೇಬಲ್ಲನ್ನು ಮಾಡುವಾಗಲೇ ತಿಂಗಳ ಲೆಕ್ಕದಲ್ಲಿ ರೇಂಜ್ ಪಾರ್ಟಿಷನ್ ಮಾಡಿಬಿಡಿ, ಅಂದರೆ ತುಂಡುಗಳಾಗಿ ಹಂಚಿಬಿಡಿ. ಪ್ರತಿ ಪಾರ್ಟಿಷನ್ನಿಗೂ ತನ್ನದೇ ಐಬಿಡಿ ಕಡತ, ಹಾಗಾಗಿ ಕಡತದ ಮಿತಿಯೂ, 64 ಟಿಬಿ ಮಿತಿಯೂ ಪಾರ್ಟಿಷನ್ನಿಗೆ ಲಾಗುವಾಗುತ್ತವೆಯೇ ಹೊರತು ಇಡೀ ಟೇಬಲ್ಲಿಗಲ್ಲ. ಒಂದು ಟೇಬಲ್ಲಿಗೆ ಸಬ್‌ಪಾರ್ಟಿಷನ್ ಸೇರಿ 8192ರವರೆಗೆ ಅವಕಾಶ ಇದೆ. ತಿಂಗಳು ಹಳೆಯದಾದಾಗ ಡ್ರಾಪ್ ಪಾರ್ಟಿಷನ್ ಕೊಟ್ಟರೆ ಕಡತವೇ ಹೋಗಿ ಡಿಸ್ಕ್ ಜಾಗ ನಿಜವಾಗಿಯೂ ವಾಪಸ್ ಬರುತ್ತದೆ. ಡಿಲೀಟ್‌ನಿಂದ ಇದು ಎಂದೂ ಆಗುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ: ಪ್ರೈಮರಿ ಕೀಯೂ ಸೇರಿ ಪ್ರತಿ ಯೂನಿಕ್ ಕೀಯಲ್ಲೂ ಪಾರ್ಟಿಷನ್ ಮಾಡಿದ ಕಾಲಮ್ ಇರಲೇಬೇಕು. ಇನ್ನೋಡಿಬಿಯಲ್ಲಿ ಪಾರ್ಟಿಷನ್ ಆದ ಟೇಬಲ್ಲಿಗೆ ಫಾರಿನ್ ಕೀ ನಡೆಯುವುದಿಲ್ಲ. ದಿನಾಂಕದ ಷರತ್ತು ಇಲ್ಲದ ಕ್ವೆರಿ ಎಲ್ಲ ಪಾರ್ಟಿಷನ್ನುಗಳನ್ನೂ ತಡಕುತ್ತದೆ.

ಬ್ಲಾಕ್_4096

ಫೈಲ್‌ಸಿಸ್ಟಮ್ ಕಡೆಯ ಶಾಶ್ವತ ಪರಿಹಾರ ಎರಡು ಬಗೆ.

ಒಂದು, ಇದೇ ವಾಲ್ಯೂಮಿಗೆ ಸೌಲಭ್ಯಗಳನ್ನು ಸೇರಿಸುವುದು. ಬ್ಯಾಕಪ್ ಖಚಿತ ಮಾಡಿಕೊಂಡು, ಡೇಟಾಬೇಸ್ ನಿಲ್ಲಿಸಿ, ಅನ್‌ಮೌಂಟ್ ಮಾಡಿ. ಇ2ಎಫ್‌ಎಸ್‌ಸಿಕೆ -ಎಫ್ ಓಡಿಸಿ. ಟ್ಯೂನ್2ಎಫ್‌ಎಸ್ -ಓ ಕೊಟ್ಟು ಹ್ಯೂಜ್_ಫೈಲ್, ಎಕ್ಸ್‌ಟೆಂಟ್ ಎರಡನ್ನೂ ಸೇರಿಸಿ. ಮತ್ತೊಮ್ಮೆ ಇ2ಎಫ್‌ಎಸ್‌ಸಿಕೆ ಓಡಿಸಿ ಮೌಂಟ್ ಮಾಡಿ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಎಕ್ಸ್‌ಟೆಂಟ್ ಆನ್ ಮಾಡಿದ ಮೇಲೆ ಹುಟ್ಟುವ ಕಡತಗಳು ಮಾತ್ರ ಎಕ್ಸ್‌ಟೆಂಟ್ ಬಳಸುತ್ತವೆ. ಈಗಾಗಲೇ ಇರುವ ಐಬಿಡಿ ಹಳೆಯ ವಿಳಾಸ ಪಟ್ಟಿಯಲ್ಲೇ ಮುಂದುವರಿಯುತ್ತದೆ. ಹ್ಯೂಜ್_ಫೈಲ್‌ನಿಂದ ಅದರ 2 ಟಿಬಿ ತಡೆ ಹೋಗುತ್ತದೆ, ಆದರೆ ಮೂರು ಹಂತದ ಪಟ್ಟಿ ತಲುಪುವುದು 1024ರ ಘನದಷ್ಟು ಬ್ಲಾಕ್, ಅಂದರೆ 4 ಟಿಬಿ ಆಸುಪಾಸು. ಅಲ್ಲಿ ಮತ್ತೆ 27. ಎಲ್‌ಎಸ್‌ಆಟ್ರ್ ಕೊಟ್ಟಾಗ ಆ ಕಡತದ ಎದುರು ಇ ಅಕ್ಷರ ಇಲ್ಲದಿದ್ದರೆ ಅದು ಹಳೆಯ ಬಗೆ ಎಂದು ಅರ್ಥ.

ಎರಡು, ಹೊಸ ವಾಲ್ಯೂಮಿಗೆ ಸಾಗುವುದು. ನನ್ನ ಮತ ಪೂರ್ತಿ ಇದಕ್ಕೇ. ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಹಾಕಿ. ಅದರಲ್ಲಿ ಕಡತದ ಮಿತಿ 8 ಇಬಿಗೆ (1 ಇಬಿ ಎಂದರೆ ಸುಮಾರು 10 ಲಕ್ಷ ಟಿಬಿ) ಒಂದು ಬೈಟ್ ಕಡಿಮೆ, ಅಂದರೆ ಮುಂದೆ ನಿಮ್ಮನ್ನು ತಡೆಯುವುದು ಇನ್ನೋಡಿಬಿಯ 64 ಟಿಬಿಯೇ ಹೊರತು ಫೈಲ್‌ಸಿಸ್ಟಮ್ ಅಲ್ಲ. ಡಿಸ್ಕಿಗೆ ಜಿಪಿಟಿ ಪಾರ್ಟಿಷನ್ ಟೇಬಲ್ಲೇ ಬೇಕು. ಎಂಬಿಆರ್‌ನಲ್ಲಿ 512 ಬೈಟ್ ಸೆಕ್ಟರಿಗೆ ಪಾರ್ಟಿಷನ್ 2 ಟಿಬಿ ದಾಟುವುದಿಲ್ಲ. ಒಂದೇ ಒಂದು ಕೊರತೆ, ಎಕ್ಸ್‌ಎಫ್‌ಎಸ್ ವಾಲ್ಯೂಮನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸುವ ಲೆಕ್ಕದಲ್ಲಿ ಯೋಜನೆ ಹಾಕಬೇಡಿ.

ಹಳೆಯ ಕರ್ನಲ್ಲುಗಳಲ್ಲಿ ಎಕ್ಸ್‌ಎಫ್‌ಎಸ್ ಇಟ್ಟವರಿಗೆ ಒಂದು ಸೂಚನೆ: 3.7ಕ್ಕಿಂತ ಮುಂಚೆ ಇನೋಡ್32 ಡಿಫಾಲ್ಟ್ ಆಗಿತ್ತು. ದೊಡ್ಡ ವಾಲ್ಯೂಮಿನ ಮೊದಲ ಭಾಗದಲ್ಲೇ ಇನೋಡ್ ಇಡಬೇಕಾದ್ದರಿಂದ ಆ ಭಾಗ ತುಂಬಿದರೆ, ಉಳಿದೆಡೆ ಟಿಬಿಗಟ್ಟಲೆ ಖಾಲಿ ಇದ್ದರೂ ಹೊಸ ಕಡತಕ್ಕೆ 28 ಬರುತ್ತಿತ್ತು. ಇನೋಡ್64 ಹಾಕಿ ಮೌಂಟ್ ಮಾಡಿದರೆ ಸರಿಹೋಗುತ್ತದೆ.

ಕ್ಲಸ್ಟರ್64

ವಿಂಡೋಸ್ ಕಡೆಯವರಿಗೂ ಇದು ಬೇಕಾಗುತ್ತದೆ, ಬರೆದಿಡುತ್ತೇನೆ.

ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡುವಾಗ ಏನೂ ಆರಿಸದಿದ್ದರೆ ಸಾಮಾನ್ಯವಾಗಿ 4 ಕೆಬಿ ಕ್ಲಸ್ಟರ್. ವಾಲ್ಯೂಮ್ ಮತ್ತು ಕಡತ ಎರಡಕ್ಕೂ 16 ಟಿಬಿ ತಡೆ. 64 ಕೆಬಿ ಕ್ಲಸ್ಟರ್ ಆದರೆ 256 ಟಿಬಿ. ಇದ್ದದ್ದನ್ನು ತಿಳಿಯಲು ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೋ ಎನ್‌ಟಿಎಫ್‌ಎಸ್‌ಇನ್ಫೋ, ಮುಂದೆ ಡ್ರೈವ್ ಅಕ್ಷರ. "ಬೈಟ್ಸ್ ಪರ್ ಕ್ಲಸ್ಟರ್" ಸಾಲಿನಲ್ಲಿ 4096 ಅಥವಾ 65536 ಇರುತ್ತದೆ. ಡೇಟಾಬೇಸ್ ಡ್ರೈವಿಗೆ ಮೊದಲ ದಿನವೇ 64 ಕೆಬಿ ಆರಿಸಿ, ತುಂಬಿದ ಮೇಲೆ ಬದಲಿಸುವುದೆಂದರೆ ಎಲ್ಲವನ್ನೂ ಬೇರೆಡೆ ಇಟ್ಟು ಮತ್ತೆ ಫಾರ್ಮ್ಯಾಟ್ ಮಾಡುವುದೇ.

ಎಸ್‌ಕ್ಯುಎಲ್ ಸರ್ವರ್ ತನ್ನ ಡೇಟಾ ಕಡತಕ್ಕೆ 16 ಟಿಬಿ, ಲಾಗ್ ಕಡತಕ್ಕೆ 2 ಟಿಬಿ ಮಿತಿ ಇಟ್ಟುಕೊಂಡಿದೆ, ಕೆಳಗೆ ಎಷ್ಟೇ ದೊಡ್ಡ ವಾಲ್ಯೂಮ್ ಇರಲಿ. ಆದರೆ ಟೇಬಲ್ ಇರುವುದು ಫೈಲ್‌ಗ್ರೂಪಿನಲ್ಲಿ, ಅಂದರೆ ಕಡತಗಳ ಗುಂಪಿನಲ್ಲಿ. ಅದಕ್ಕೆ ಇನ್ನೊಂದು ಕಡತ ಸೇರಿಸಿದರೆ ಟೇಬಲ್ ಅಲ್ಲಿಗೂ ಹರಡುತ್ತದೆ. ಫೈಲ್‌ಗ್ರೂಪ್ ತುಂಬಿತೆಂಬ ಎರರ್ 1105 ಬಂದಾಗ ಡಿಸ್ಕ್ ನೋಡುವ ಮೊದಲು ಕಡತದ ಮ್ಯಾಕ್ಸ್‌ಸೈಜ್ ನೋಡಿ, ಅಲ್ಲೇ ಯಾರೋ ಮಿತಿ ಹಾಕಿರುವುದು ಹೆಚ್ಚು. ಎಕ್ಸ್‌ಪ್ರೆಸ್ ಆವೃತ್ತಿಯಾದರೆ 2008 ಆರ್2ರಿಂದ 2022ರವರೆಗೆ ಪ್ರತಿ ಡೇಟಾಬೇಸಿಗೆ 10 ಜಿಬಿ, ಅದು ಪರವಾನಗಿಯ ತಡೆ.

ಇನ್ನೊಂದು ತೊಂದರೆ ಗಾತ್ರದ್ದಲ್ಲ, ಚದುರುವಿಕೆಯದು. ಡೇಟಾಬೇಸ್ ಸರಿ ಇದೆಯೇ ಎಂದು ಪರಿಶೀಲಿಸುವ ಡಿಬಿಸಿಸಿ ಚೆಕ್‌ಡಿಬಿ ಓಡುವಾಗ ಒಳಗೊಳಗೇ ಒಂದು ಸ್ನ್ಯಾಪ್‌ಶಾಟ್ ಸೃಷ್ಟಿಯಾಗುತ್ತದೆ, ಅದು ಟೊಳ್ಳು ಕಡತ. ಓಡುವ ಹೊತ್ತಿನಲ್ಲಿ ಬರಹ ಜೋರಾಗಿದ್ದರೆ ಆ ಕಡತ ಸಾವಿರಾರು ಚೂರಾಗಿ, ಚೂರುಗಳ ಪಟ್ಟಿ ಎನ್‌ಟಿಎಫ್‌ಎಸ್ ಇಟ್ಟುಕೊಳ್ಳಬಹುದಾದ ಮಿತಿಯನ್ನೇ ಮೀರುತ್ತದೆ. ಆಗ ಬರುವುದು ಎರರ್ 665, "ಫೈಲ್ ಸಿಸ್ಟಮ್ ಲಿಮಿಟೇಶನ್". ಜಾಗ ಎಷ್ಟು ಇದ್ದರೂ ಉಪಯೋಗವಿಲ್ಲ. ಫಾರ್ಮ್ಯಾಟ್ ಮಾಡುವಾಗ /ಎಲ್ ಸ್ವಿಚ್ ಹಾಕಿದರೆ ಕಡತದ ದಾಖಲೆ 1 ಕೆಬಿ ಬದಲು 4 ಕೆಬಿ ಆಗಿ ಪಟ್ಟಿಗೆ ಜಾಗ ಹೆಚ್ಚುತ್ತದೆ. ಇಲ್ಲವಾದರೆ ಬರಹ ಕಡಿಮೆ ಇರುವ ಹೊತ್ತಿನಲ್ಲಿ ಚೆಕ್‌ಡಿಬಿ ಓಡಿಸಿ.

ಆನೆಪಡೆ

ಪೋಸ್ಟ್‌ಗ್ರೆಸ್‌ನಲ್ಲಿ ಕಡತದ ಮಿತಿಯ ಈ ಪಜೀತಿಯೇ ಬರುವುದಿಲ್ಲ. ಟೇಬಲ್ಲನ್ನು ಅದು 1 ಜಿಬಿ ತುಂಡುಗಳಾಗಿ ಕತ್ತರಿಸಿ ಇಡುತ್ತದೆ. ಪಿಜಿ_ರಿಲೇಷನ್_ಫೈಲ್‌ಪಾತ್ ಕೊಟ್ಟು ಬಂದ ಹೆಸರಿನ ಡೈರೆಕ್ಟರಿಗೆ ಹೋಗಿ ನೋಡಿ: ಒಂದು ಸಂಖ್ಯೆಯ ಕಡತ, ಆಮೇಲೆ ಅದೇ ಸಂಖ್ಯೆಗೆ .1, .2, .3 ಎಂದು ಬಾಲ. ಆಪರೇಟಿಂಗ್ ಸಿಸ್ಟಮ್ ಒಂದು ಕಡತಕ್ಕೆ 2 ಜಿಬಿ ಮಾತ್ರ ಬಿಡುತ್ತಿದ್ದ ಕಾಲದ ವ್ಯವಸ್ಥೆ ಇದು, ಈಗಲೂ ಒಳ್ಳೆಯದೇ ಮಾಡುತ್ತಿದೆ. 32 ಟಿಬಿ ಟೇಬಲ್ ಎಂದರೆ 32768 ಕಡತ. ತೆರೆದ ಕಡತಗಳ ಮಿತಿ ಆಗ ಲೆಕ್ಕಕ್ಕೆ ಬರುತ್ತದೆ, ಮ್ಯಾಕ್ಸ್_ಫೈಲ್ಸ್_ಪರ್_ಪ್ರೋಸೆಸ್ ಡಿಫಾಲ್ಟ್ 1000.

ಆದರೆ 32 ಟಿಬಿಗೂ ಮುಂಚೆ ತಾಗುವ ಗೋಡೆ ಇನ್ನೊಂದಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. 2 ಕೆಬಿ ಆಸುಪಾಸು ಮೀರಿದ ದೊಡ್ಡ ಮೌಲ್ಯಗಳು ಟೋಸ್ಟ್ ಎಂಬ ಜೊತೆ ಟೇಬಲ್ಲಿಗೆ ಹೋಗುತ್ತವೆ. ಅಲ್ಲಿ ಪ್ರತಿ ಮೌಲ್ಯಕ್ಕೂ ಒಂದು ಓಐಡಿ (ಗುರುತಿನ ಸಂಖ್ಯೆ), 32 ಬಿಟ್. ಅಂದರೆ ಒಂದು ಟೇಬಲ್ಲಿಗೆ ಸುಮಾರು 400 ಕೋಟಿ ದೊಡ್ಡ ಮೌಲ್ಯಗಳಷ್ಟೇ. ಅದರ ಹತ್ತಿರ ಬಂದಂತೆ ಬಳಕೆಯಾಗದ ಓಐಡಿ ಹುಡುಕುವುದರಲ್ಲೇ ಸಮಯ ಹೋಗಿ ಇನ್ಸರ್ಟ್ ನಿಧಾನವಾಗುತ್ತದೆ, ಕಾರಣ ಸುಲಭಕ್ಕೆ ಕಾಣುವುದಿಲ್ಲ. ಜೇಸನ್ ಕಾಲಮ್ ತುಂಬಿಸುವವರು ಪಾರ್ಟಿಷನ್ ಮಾಡಲು ಇದೊಂದೇ ಕಾರಣ ಸಾಕು. ಪಾರ್ಟಿಷನ್ನಿಗೊಂದು ಟೋಸ್ಟ್ ಟೇಬಲ್ ಸಿಗುತ್ತದೆ.

ಶೆಲ್‌ವಾಸಿ

ಆರಕಲ್ ಬಳಸುವವರಿಗೆ ಚುಟುಕಾಗಿ: ಸ್ಮಾಲ್‌ಫೈಲ್ ಡೇಟಾಫೈಲ್ 4194303 ಬ್ಲಾಕ್ ದಾಟುವುದಿಲ್ಲ. 8 ಕೆಬಿ ಬ್ಲಾಕಿಗೆ ಅದು 32 ಜಿಬಿ. ಆಟೋಎಕ್ಸ್‌ಟೆಂಡ್ ಆನ್ ಇದೆ, ಡಿಸ್ಕ್ ಖಾಲಿ ಇದೆ, ಆದರೂ ಟೇಬಲ್ ಹಿಗ್ಗಿಸಲಾಗದು ಎಂಬ ಓಆರ್‌ಎ-01653 ಬರುತ್ತಿದೆ ಎಂದರೆ ಮೊದಲು ಡೇಟಾಫೈಲ್ 32 ಜಿಬಿ ಮುಟ್ಟಿದೆಯೇ ನೋಡಿ. ಮುಟ್ಟಿದ್ದರೆ ಟೇಬಲ್‌ಸ್ಪೇಸಿಗೆ ಇನ್ನೊಂದು ಡೇಟಾಫೈಲ್ ಸೇರಿಸಿ, ಇಲ್ಲವೇ ಹೊಸ ಟೇಬಲ್‌ಸ್ಪೇಸನ್ನು ಬಿಗ್‌ಫೈಲ್ ಆಗಿ ಮಾಡಿ. ಬಿಗ್‌ಫೈಲ್ ಆದರೆ ಅದೇ 8 ಕೆಬಿ ಬ್ಲಾಕಿಗೆ 32 ಟಿಬಿ. ಆದರೆ ಅದು ಒಂದೇ ಕಡತವಾದ್ದರಿಂದ ಕೆಳಗಿನ ಫೈಲ್‌ಸಿಸ್ಟಮ್ ಅಷ್ಟು ದೊಡ್ಡ ಕಡತ ಹಿಡಿಯಬೇಕು. ಇಎಕ್ಸ್‌ಟಿ4 ಮೇಲೆ 16 ಟಿಬಿಗೇ ನಿಲ್ಲುತ್ತದೆ.

ಸಣ್ಣಡಬ್ಬಿ

ಎಸ್‌ಕ್ಯುಲೈಟ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಇಡೀ ಡೇಟಾಬೇಸ್ ಒಂದೇ ಕಡತ, ಹಾಗಾಗಿ ಫೈಲ್‌ಸಿಸ್ಟಮ್ ಮಿತಿಯೇ ಡೇಟಾಬೇಸಿನ ಮಿತಿ. ಎಸ್‌ಕ್ಯುಲೈಟ್ ತಾನಾಗಿ 281 ಟಿಬಿವರೆಗೆ ಹೋಗಬಲ್ಲದು, ಇದು 64 ಕೆಬಿ ಪುಟದೊಂದಿಗೆ, 1000ದ ಲೆಕ್ಕದಲ್ಲಿ. ಆದರೆ ಸಣ್ಣ ಸಾಧನಗಳಲ್ಲಿ ಅದನ್ನು ಫ್ಯಾಟ್32 ಮೆಮೊರಿ ಕಾರ್ಡಿನ ಮೇಲೆ ಇಟ್ಟಿರುತ್ತಾರೆ. 4 ಜಿಬಿ ಮುಟ್ಟಿದಾಗ ಬರುವ ಸಂದೇಶ "ಡೇಟಾಬೇಸ್ ಆರ್ ಡಿಸ್ಕ್ ಈಸ್ ಫುಲ್" ಅಲ್ಲ, "ಡಿಸ್ಕ್ ಐಓ ಎರರ್". ಏಕೆಂದರೆ ಜಾಗ ಇಲ್ಲ ಎಂಬ 28 ಬಂದಾಗ ಮಾತ್ರ ಎಸ್‌ಕ್ಯುಲೈಟ್ ಫುಲ್ ಎನ್ನುತ್ತದೆ, 27 ಬಂದರೆ ಅದನ್ನು ಸಾಮಾನ್ಯ ಬರಹದ ದೋಷ ಎಂದೇ ತಿಳಿಯುತ್ತದೆ. ಕಾರ್ಡ್ ಕೆಟ್ಟಿದೆ ಎಂದು ಹೊಸ ಕಾರ್ಡ್ ಹಾಕಿದರೆ, ಅದೂ ಫ್ಯಾಟ್32 ಆಗಿದ್ದರೆ, ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತದೆ. ಕಡತದ ಗಾತ್ರ 4294967295 ಬೈಟಿನ ಹತ್ತಿರ ಇದೆಯೇ ಎಂದು ನೋಡಿದರೆ ಸಂಶಯ ತೀರುತ್ತದೆ.

ಬ್ಯಾಕಪ್‌ಗೂ ಇದೇ ಮಾತು. ಡಂಪ್ ಕಡತವನ್ನು ಫ್ಯಾಟ್32 ಡ್ರೈವಿಗೆ ಒಯ್ಯಲೇಬೇಕಾದರೆ ಸ್ಪ್ಲಿಟ್ -ಬಿ 3900ಎಂ ಮೂಲಕ ತುಂಡು ಮಾಡಿ, ಮರಳಿಸುವಾಗ ಕ್ಯಾಟ್‌ನಿಂದ ಕೂಡಿಸಿ. ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡಲು ಸಾಧ್ಯವಿದ್ದರೆ ತುಂಡು ಮಾಡುವ ಅಗತ್ಯವೇ ಇಲ್ಲ.

ಸಾಲುಕಂಬ

ರೀನೇಮ್ ದಾರಿಯನ್ನೇ ಹಿಡಿದು ಇನ್ಸರ್ಟ್ ಶುರು ಮಾಡಿದೆವು, ಹೊಸ ಟೇಬಲ್ ಪಾರ್ಟಿಷನ್ ಆಗಿದೆ. ಎಕ್ಸ್‌ಎಫ್‌ಎಸ್ ವಾಲ್ಯೂಮಿಗೆ ಸಾಗುವುದು ಮುಂದಿನ ಕೆಲಸ. 2 ಟಿಬಿ ಕಡತವನ್ನು ನಕಲು ಉಪಕರಣವಾದ ಆರ್‌ಸಿಂಕ್‌ನಲ್ಲಿ ಮೊದಲು ಓಡುತ್ತಿರುವಾಗಲೇ ಒಮ್ಮೆ, ನಿಲ್ಲಿಸಿ ಇನ್ನೊಮ್ಮೆ ಒಯ್ದರೆ ನಿಲುಗಡೆ ಕಡಿಮೆಯಾಗುತ್ತದೆಯೇ? ಇನ್ನು ಮುಂದೆ ಕಣ್ಣಿಡಬೇಕಾದದ್ದು ಯಾವುದರ ಮೇಲೆ?

ಲಾಗ್_ಓದುಗ

ಆರ್‌ಸಿಂಕ್‌ನಿಂದ ನೀವು ಎಣಿಸಿದಷ್ಟು ಲಾಭವಿಲ್ಲ. ಒಂದೇ ಯಂತ್ರದೊಳಗೆ ಅದು ಬದಲಾದ ಕಡತವನ್ನು ಪೂರ್ತಿಯಾಗಿಯೇ ಮತ್ತೆ ನಕಲು ಮಾಡುತ್ತದೆ. --ಇನ್‌ಪ್ಲೇಸ್, --ನೋ-ಹೋಲ್-ಫೈಲ್ ಹಾಕಿದರೂ ಎರಡೂ ಕಡೆಯ 2 ಟಿಬಿಯನ್ನು ಓದಿ ಹೋಲಿಸಲೇಬೇಕು. ಹೊಸ ವಾಲ್ಯೂಮಿರುವ ಇನ್ನೊಂದು ಸರ್ವರನ್ನು ರೆಪ್ಲಿಕಾ ಮಾಡಿ. 8.0.17ರಿಂದ ಕ್ಲೋನ್ ಪ್ಲಗಿನ್ ಇದೆ, ನಕಲು ಅದರಿಂದ ಆಗಲಿ, ರೆಪ್ಲಿಕಾ ಸಮಕ್ಕೆ ಬಂದ ಮೇಲೆ ಅದನ್ನೇ ಮುಖ್ಯ ಸರ್ವರ್ ಮಾಡಿ. ಎರಡೂ ಕಡೆ ಆವೃತ್ತಿ ಒಂದೇ ಇರಲಿ. ಸ್ವೀಕರಿಸುವ ಸರ್ವರಿನ ಹಳೆಯ ಡೇಟಾ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಕಣ್ಣಿಡಲು ಇನ್ಫರ್ಮೇಶನ್ ಸ್ಕೀಮಾದ ಟೇಬಲ್ಸ್ ಪಟ್ಟಿಯ ಡೇಟಾ_ಲೆಂಗ್ತ್ ಮೇಲೆ ಅವಲಂಬಿಸಬೇಡಿ. 8.0ರಲ್ಲಿ ಆ ಅಂಕಿಗಳನ್ನು ಕ್ಯಾಶ್ ಮಾಡಿಡುತ್ತದೆ, ಡಿಫಾಲ್ಟ್ ಅವಧಿ 86400 ಸೆಕೆಂಡ್, ಅಂದರೆ ನಿಮಗೆ ಕಾಣುವುದು ಒಂದು ದಿನ ಹಳೆಯದಿರಬಹುದು. ಇನ್ನೋಡಿಬಿ_ಟೇಬಲ್‌ಸ್ಪೇಸಸ್‌ನಲ್ಲಿರುವ ಫೈಲ್_ಸೈಜ್ ಓದಿ, ಅಥವಾ ನೇರವಾಗಿ ಡಿಸ್ಕಿನ ಕಡತದ ಗಾತ್ರವನ್ನೇ ಅಳೆಯಿರಿ. ಅದು ಮಿತಿಯ 70 ಪ್ರತಿಶತ ದಾಟಿದಾಗ ಎಚ್ಚರಿಕೆ ಬರಲಿ, ಏಕೆಂದರೆ ಇಷ್ಟು ದೊಡ್ಡ ಕಡತವನ್ನು ಸಾಗಿಸಲು ವಾರಗಳ ತಯಾರಿ ಬೇಕಾಗುತ್ತದೆ.

ಅದರ ಜೊತೆಗೆ ಆಟೋ ಇನ್‌ಕ್ರಿಮೆಂಟ್ ಕಾಲಮಿನ ಬಗೆ ನೋಡಿಕೊಳ್ಳಿ. ನೀವು ಹೊಸ ಟೇಬಲ್ಲಿನಲ್ಲಿ ಐಡಿಯನ್ನು ಧಾರಾಳವಾಗಿ ಮುಂದಿಟ್ಟಿದ್ದೀರಿ. ಅದು ಸಾಮಾನ್ಯ ಇಂಟ್ ಆಗಿದ್ದರೆ 2147483647ಕ್ಕೆ ಮುಗಿಯುತ್ತದೆ, ಆಗ 1114 ಬರುವುದಿಲ್ಲ, 1062 "ಡೂಪ್ಲಿಕೇಟ್ ಎಂಟ್ರಿ" ಬರುತ್ತದೆ. ಹೊಸ ಟೇಬಲ್ ಇನ್ನೂ ಚಿಕ್ಕದಿರುವಾಗಲೇ ಬಿಗ್‌ಇಂಟ್ ಮಾಡಿಬಿಡಿ. ಕಾಲಮಿನ ಬಗೆ ಬದಲಿಸಿದರೆ ಟೇಬಲ್ ಪೂರ್ತಿ ಮರುಕಟ್ಟಬೇಕಾಗುತ್ತದೆ, ಇವತ್ತು ಅದು ನಿಮಿಷಗಳ ಕೆಲಸ.